ನಮ್ಮನೆ ಸೊಸೆ ಮಾರ್ಟಿಗೆ ಹೋಗ್ತಾಳೆ

ಈ ಮೂರು ತಿಂಗಳಲ್ಲಿ ನನ್ನ ಹತ್ರ ನೇರ ಕೇಳಿದವರು ಐದಾರು ಜನ. ಬೆನ್ನ ಹಿಂದೆ ಮಾತಾಡಿಕೊಂಡವರ ಲೆಕ್ಕ ನಂಗೆ ಗೊತ್ತಿಲ್ಲ. ಹಾಲಿನ ಡೈರಿ ಹತ್ರ ಒಬ್ಬರು, ಮದುವೆಮನೆ ಪಂಕ್ತಿಲಿ ಪಾಯಸ ಬರೋ ಹೊತ್ತಿಗೆ ಒಬ್ಬರು, ವಿನಾಯಕ ಸರ್ಕಲ್ಲಲ್ಲಿ ಬಸ್ಸಿಗೆ ಕಾಯ್ತಾ ನಿಂತಾಗ ಇನ್ನೊಬ್ಬರು. "ಎಂತ ಮಾರಾಯ್ತಿ, ಬಸುರಿ ಹುಡುಗಿನ ದಿನಾ ಶಿವಮೊಗ್ಗಕ್ಕೆ ಕಳಿಸ್ತೀಯಲ್ಲೆ, ಅಷ್ಟು ಕಷ್ಟ ಬಂದಿದ್ಯಾ ನಿಮ್ಮನೆಗೆ?" ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟು ನಂಗೂ ಸಾಕಾತು. ಹಾಗಾಗಿ ಇಲ್ಲೇ ಒಂದ್ಸಲ ಉದ್ದಕ್ಕೆ ಬರೆದುಬಿಡ್ತೀನಿ. ಓದಿದವರು ಓದದೆ ಇದ್ದವರಿಗೆ ಹೇಳಿ.

ಕಷ್ಟ ಬಂದಿದ್ದು ಹೌದು. ಅದರಲ್ಲಿ ಮುಚ್ಚಿಡೋದು ಎಂತದೂ ಇಲ್ಲ, ನಿಮ್ಮ ತೋಟಕ್ಕೂ ಬಂದಿದ್ದೇ ನಮ್ಮ ತೋಟಕ್ಕೂ ಬಂತು. 2022ರಲ್ಲಿ ನಗರ, ನಿಟ್ಟೂರು ಕಡೆ ಎಲೆಚುಕ್ಕೆ ರೋಗ ಅಂತ ಸುದ್ದಿ ಕೇಳ್ತಾ ಇದ್ವಿ. ಆಮೇಲೆ ನೋಡಿದ್ರೆ ನಮ್ಮ ಕೆಳಗಿನ ತೋಟದ ಸೋಗೆನೂ ಹಳದಿಯಾಗಿ ಒಣಗಲಿಕ್ಕೆ ಶುರುವಾತು. ಇರೋದೇ ಒಂದೂವರೆ ಎಕರೆ. ಔಷಧಿ ಹೊಡೆಸಿದ ಖರ್ಚು, ಸೊಸೈಟಿ ಸಾಲದ ಕಂತು, ಅತ್ತೆಯವರ ಬಿಪಿ ಮಾತ್ರೆ ಎಲ್ಲಾ ಸೇರಿ ಕೊನೆ ಕೊಯ್ಲಿನ ದುಡ್ಡು ಕೈಗೆ ಬರೋ ಮೊದಲೇ ಮುಗಿದು ಹೋಗ್ತಿತ್ತು. ಮಗ ತೋಟ ನೋಡ್ಕಂಡು, ಸೀಸನ್ನಲ್ಲಿ ಅಡಿಕೆ ಸುಲಿಯೋ ಮಷಿನ್ನು ಓಡಿಸ್ತಾನೆ. ಸೊಸೆ ಆನಂದಪುರದ ಕಡೆ ಹುಡುಗಿ, ಸಾಗರದಲ್ಲಿ ಬಿ.ಕಾಂ. ಮಾಡಿದವಳು. "ಅತ್ತೆ, ಸುಮ್ಮನೆ ಮನೇಲಿ ಕೂತು ನಾನೆಂತ ಮಾಡ್ಲಿ, ಶಿವಮೊಗ್ಗದ ಮಾರ್ಟಲ್ಲಿ ಕೆಲಸಕ್ಕೆ ಕರೆದಿದಾರೆ" ಅಂದ್ಲು. ಆತು ಹೋಗು ಅಂದೆ. ಅದು 2023ರ ಮಳೆಗಾಲ.

ಯಾವ ಮಾರ್ಟು ಅಂತ ಹೆಸರು ಬರೆಯೋದಿಲ್ಲ. ದೇಶದ ತುಂಬ ಅಂಗಡಿ ಇರೋ ಕಂಪನಿ. ಎರಡು ವರ್ಷ ನಮ್ಮನೆ ಅನ್ನಕ್ಕೆ ದುಡ್ಡು ಕೊಟ್ಟ ಜಾಗ, ಹೆಸರು ಹಿಡಿದು ಬೈಯ್ಯೋ ಮನಸ್ಸಿಲ್ಲ. ಮತ್ತೆ ಅವಳು ಹೇಳೋ ಪ್ರಕಾರ ಹೆಸರು ಬದಲಾದ್ರೂ ಒಳಗಿನ ಕಥೆ ಎಲ್ಲಾ ಕಡೆ ಹೆಚ್ಚುಕಮ್ಮಿ ಒಂದೇ.

ಅವಳ ಸಂಬಳದ ಚೀಟಿನ ನಾನು ಕನ್ನಡಕ ಹಾಕ್ಕಂಡು ಕೂತು ಓದಿದ್ದೀನಿ. ಒಟ್ಟು 16,000. ಮೂಲ ವೇತನ ಅಂತ 12,000, ಅದರ ನೂರಕ್ಕೆ 12ರಂತೆ 1,440 ಪಿ.ಎಫ್.ಗೆ. ಇ.ಎಸ್.ಐ. ಅಂತ 120. ಕೈಗೆ ಬರೋದು 14,440. ಪಿ.ಎಫ್.ಗೆ ಕಂಪನಿನೂ ಅಷ್ಟೇ ಹಾಕಬೇಕು, ಆದ್ರೆ ಅದರಲ್ಲಿ ಸಾವಿರದಷ್ಟು ಪಿಂಚಣಿ ಲೆಕ್ಕಕ್ಕೆ ಹೋಗಿ, ಉಳಿದ 440 ಮಾತ್ರ ಪಿ.ಎಫ್.ಗೆ ಸೇರ್ತದೆ. "ನಮ್ಮ ದುಡ್ಡು ಹಿಡ್ಕಂತಾರೆ, ಅವರದ್ದು ಹಾಕೋದೇ ಇಲ್ಲ" ಅಂತ ಹುಡುಗಿಯರು ಜಗಳ ಆಡೋದು ಇದೇ ಲೆಕ್ಕ ಗೊತ್ತಿಲ್ಲದೆ. ನಿಮ್ಮ ಮನೆ ಮಕ್ಕಳ ಚೀಟಿ ಇದ್ರೆ ಒಂದ್ಸಲ ನೋಡಿ. ಆ ಇ.ಎಸ್.ಐ.ಯ 120 ರೂಪಾಯಿ ಇದೆಯಲ್ಲ, ಅದು ಚಿಲ್ಲರೆ ಅಂತ ಕಂಡ್ರೂ ನಮ್ಮ ಕಥೆಯಲ್ಲಿ ದೊಡ್ಡದು. ಮುಂದೆ ಹೇಳ್ತೀನಿ.

ಇನ್ನು ಬಸ್ಸು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಹೆಂಗಸರಿಗೆಲ್ಲ ಬಸ್ಸು ಫ್ರೀ ಅಂತ ಟಿವಿಲಿ ಬಂದಿದ್ದೇ ಬಂದಿದ್ದು. ನಮ್ಮ ಕಡೆ ಓಡೋದು ಹೆಚ್ಚಿನವು ಪ್ರೈವೇಟ್ ಬಸ್ಸು. ಅವಳು ಹೋಗೋ ಹೊತ್ತಿಗೆ, ಬರೋ ಹೊತ್ತಿಗೆ ಸರ್ಕಾರಿ ಬಸ್ಸಿಲ್ಲ. ಹಾಗಾಗಿ ತಿಂಗಳಿಗೆ ಮೂರು ಸಾವಿರದ ಹತ್ತಿರ ಬಸ್ಸಿಗೇ ಹೋತು. ಬೆಳಿಗ್ಗೆ ಐದಕ್ಕೆ ಎದ್ದು, ಬುತ್ತಿ ಕಟ್ಕಂಡು, ಏಳು ಗಂಟೆ ಬಸ್ಸು ಹತ್ತಿದ್ರೆ, ವಾಪಸ್ ಮನೆ ಮೆಟ್ಟಿಲು ಹತ್ತೋದು ರಾತ್ರಿ ಎಂಟೂವರೆ. ಎರಡನೇ ಶಿಫ್ಟ್ ಬಿದ್ದರೆ ಕೊನೇ ಬಸ್ಸು ಸಿಗೋದಿಲ್ಲ. ಆ ವಾರ ವಿನೋಬನಗರದಲ್ಲಿರೋ ನಮ್ಮ ನಾದಿನಿ ಮನೇಲಿ ಉಳೀತಾಳೆ. ನಾದಿನಿ ಒಂದು ದಿನವೂ ಮುಖ ಸಿಂಡರಿಸಿದವಳಲ್ಲ, ಅವಳ ಹೊಟ್ಟೆ ತಣ್ಣಗಿರಲಿ.

ನೀವೆಲ್ಲ ಮಾರ್ಟಿಗೆ ಹೋಗ್ತೀರಿ, ನಾನೂ ಹೋಗ್ತೀನಿ. ತಣ್ಣಗೆ ಎಸಿ, ಹಾಡು, ತಳ್ಳೋ ಗಾಡಿ. ನಮ್ಮ ಪೇಟೆ ಹಳೇ ದಿನಸಿ ಅಂಗಡಿ ನೆನಪು ಮಾಡ್ಕಳಿ. ಅಲ್ಲಿ ಸಾಹುಕಾರ್ರು ಗಲ್ಲಾ ಪೆಟ್ಟಿಗೆ ಪಕ್ಕ ದಿಂಬು ಹಾಕ್ಕಂಡು ಕೂತಿರ್ತಿದ್ರು, ನಾವು ಚೀಟಿ ಹಿಡ್ಕಂಡು ಹೊರಗೆ ನಿಲ್ತಿದ್ವಿ. ಕಟ್ಟಿಕೊಡೋ ಹುಡುಗನೂ ಜನ ಇಲ್ಲದ ಹೊತ್ತಿಗೆ ಸಕ್ಕರೆ ಮೂಟೆ ಮೇಲೆ ಕೂತು ಪೊಟ್ಟಣ ಸುತ್ತುತಿದ್ದ. ಉದ್ದರಿ ಪುಸ್ತಕದಲ್ಲಿ ನಮ್ಮ ಹೆಸರಿನ ಪುಟ ಇರ್ತಿತ್ತು. ಈಗ ನಾವು ಸಾಹುಕಾರರ ಹಾಗೆ ಒಳಗೆಲ್ಲ ಓಡಾಡ್ತೀವಿ, ಅಂಗಡಿಯವರು ಹೊತ್ತು ಹೊತ್ತಿಗೂ ನಿಂತಿರ್ತಾರೆ. ನಿಜವಾದ ಸಾಹುಕಾರ ಎಲ್ಲಿರ್ತಾನೋ ಅಲ್ಲಿ ಕೆಲಸ ಮಾಡೋ ಒಬ್ಬರೂ ಕಂಡಿಲ್ಲ.

ಅವಳು ಹೇಳೋ ಸಣ್ಣ ಸಣ್ಣ ಸಂಗತಿ ಕೇಳಿದ ಮೇಲೆ ನಾನು ಮಾರ್ಟಲ್ಲಿ ನಡ್ಕಳೋ ರೀತಿನೇ ಬೇರೆ ಆಗಿದೆ. ನಾವು ಮೊಸರಿನ ಪ್ಯಾಕೆಟ್ಟು ತಗಂಡು, ಆಮೇಲೆ ಬೇಡ ಅನ್ನಿಸಿ, ಬಟ್ಟೆ ಸೋಪಿನ ಮಧ್ಯ ಇಟ್ಟು ಬರ್ತೀವಿ ಅಲ್ದಾ? ಅದು ಸಂಜೆಯೊಳಗೆ ಕೆಡ್ತದೆ. ಆ ಸಾಲು ನೋಡ್ಕಳೋ ಹುಡುಗಿಗೆ ಲಾಸ್ ಎಂತಕ್ಕೆ ಬಂತು ಅಂತ ಪ್ರಶ್ನೆ. ಬಿಲ್ಲು ಹಾಕುವಾಗ "ಮೇಡಂ ಮೊಬೈಲ್ ನಂಬರ್" ಅಂದ್ರೆ "ನಿಮಗೆಂತಕ್ಕೆ ನಮ್ಮ ನಂಬರು" ಅಂತ ಸಿಡುಕ್ತೀವಿ. ದಿನಕ್ಕೆ ಇಷ್ಟು ನಂಬರ್ ಸೇರಿಸಬೇಕು ಅಂತ ಅವರಿಗೆ ಗುರಿ ಕೊಟ್ಟಿರ್ತಾರೆ. ಬ್ಯಾಗಿಗೆ ಬೇರೆ ದುಡ್ಡು ಅಂದ್ರೆ ಬೈಗಳು ತಿನ್ನೋದೂ ಅವಳೇ, ಬೆಲೆ ಇಟ್ಟವರಲ್ಲ. ಹೊಸ ಮಾಲು ಹಿಂದೆ, ಹಳೇದು ಮುಂದೆ ಬರೋ ಹಾಗೆ ಜೋಡಿಸಬೇಕು, ತಾರೀಖು ಮುಗಿದದ್ದು ಹುಡುಕಿ ತೆಗೀಬೇಕು. ರಾತ್ರಿ ಗಲ್ಲಾ ಲೆಕ್ಕದಲ್ಲಿ ಕಮ್ಮಿ ಬಂದ್ರೆ ಕೈಯಿಂದ ಹಾಕಬೇಕು. ಒಂದು ಗಣಪತಿ ಹಬ್ಬದ ಹಿಂದಿನ ದಿನ ಜನ ನುಗ್ಗಿ ನುಗ್ಗಿ 500 ರೂಪಾಯಿ ಕಮ್ಮಿ ಬಂತು. ಅವತ್ತು ಇಡೀ ದಿನದ ದುಡಿಮೆ ಅಲ್ಲೇ ಇಟ್ಟು ಬಂದ್ಲು. ಹೊರಗೆ ಹೊರಡುವಾಗ ಬ್ಯಾಗು, ಬುತ್ತಿ ಡಬ್ಬಿ ಎಲ್ಲಾ ತೆಗೆದು ತೋರಿಸಬೇಕು. "ಮೊದಲ ದಿನ ಡಬ್ಬಿ ಮುಚ್ಚಳ ತೆಗೆಸಿದಾಗ ಅಳು ಬಂದಿತ್ತು ಅತ್ತೆ, ಈಗ ನಾನೇ ತೆಗೆದು ಹಿಡೀತೀನಿ" ಅಂದಿದ್ಲು.

ನಮಗೆಲ್ಲ ರಜೆ ಇದ್ದ ದಿನ ಅವಳಿಗೆ ಹೆಚ್ಚು ಕೆಲಸ. ಜನವರಿ 26 ಅಂದ್ರೆ ನಮ್ಮ ಕಾಲಕ್ಕೆ ಧ್ವಜ ಹಾರಿಸಿ ಮಿಠಾಯಿ ತಿಂದು ಬರೋದು. 2006ರಲ್ಲಿ ಬಿಗ್ ಬಜಾರ್‌ನವರು ಆ ದಿನಾನೇ ವರ್ಷದ ಅತಿ ಅಗ್ಗದ ದಿನ ಅಂತ ಮಾಡಿದ ಮೇಲೆ ಬೇರೆಯವರೂ ಅದನ್ನೇ ಹಿಡಿದ್ರು. ಆಗಸ್ಟ್ 15ಕ್ಕೂ ಹಂಗೇ. ವಾರದ ರಜೆ ಉಂಟು, ಆದ್ರೆ ಭಾನುವಾರ ಅಂತೂ ಅಲ್ಲ. ಮಗ ಸೊಸೆ ಇಬ್ಬರೂ ಒಟ್ಟಿಗೆ ಒಂದು ಭಾನುವಾರ ಮನೇಲಿ ಇದ್ದಿದ್ದು ಈ ಎರಡು ವರ್ಷದಲ್ಲಿ ನಾಲ್ಕು ಸಲವೋ ಐದು ಸಲವೋ.

ಇಷ್ಟೆಲ್ಲ ತಡಕಂಡು ಹೋಗ್ತಿದ್ಲು. ನಗ್ತಾನೂ ಇದ್ಲು ಅನ್ನಿ. ತನ್ನ ದುಡಿಮೇಲಿ ಸಾಲದ ಎರಡು ಕಂತು ಕಟ್ಟಿದ ದಿನ ಅವಳ ಮುಖ ನೋಡಬೇಕಿತ್ತು ನೀವು. ತಾಪತ್ರಯ ಶುರುವಾಗಿದ್ದು ಬಸುರಿಯಾದ ಮೇಲೆ.

ಬಿಲ್ಲಿಂಗ್ ಕೌಂಟರಲ್ಲಿ ಕೂರೋ ಹಾಗಿಲ್ಲ. ಕೂರಲಿಕ್ಕೆ ಜಾಗವೇ ಇಲ್ಲ. ಊಟಕ್ಕೆ ಬಿಟ್ಟ ಹೊತ್ತಿನಲ್ಲಿ ಒಳಗಿನ ಮೆಟ್ಟಿಲ ಮೇಲೆ ಕೂತ್ಕಂಡು ಉಣ್ಣೋದು, ಅಷ್ಟೇ ಕೂತಿದ್ದು. ಉಳಿದ ಎಂಟು ಗಂಟೆ ನಿಂತೇ. ಬೆಳಿಗ್ಗೆ ಬಸ್ಸಲ್ಲಿ ಸೀಟು ಸಿಗದಿದ್ರೆ ಅದೂ ಸೇರಿಸ್ಕಳಿ. ಐದನೇ ತಿಂಗಳಿಗೆ ಕಾಲು ಎಷ್ಟು ಊದ್ತು ಅಂದ್ರೆ ಚಪ್ಪಲಿ ಪಟ್ಟಿ ಅಚ್ಚು ಬಿದ್ದು ರಾತ್ರಿ ಇಡೀ ಹಂಗೇ ಇರ್ತಿತ್ತು. ಮೊಣಕಾಲ ಹಿಂದೆ ನರ ನೀಲಿಯಾಗಿ ಗಂಟು ಗಂಟಾಗಿ ಕಾಣಲಿಕ್ಕೆ ಹತ್ತಿತು.

ನಮ್ಮ ಅತ್ತೆಯವರಿಗೆ ಎಂಬತ್ತರ ಮೇಲೆ ವಯಸ್ಸು. ಅವರು ಜಗಲಿಯಲ್ಲಿ ಎಲೆ ಅಡಿಕೆ ಹಾಕ್ತಾ, "ನಾವು ಆರು ತಿಂಗಳ ಬಸುರೀರು ನೆಟ್ಟಿ ಗದ್ದೆಗೆ ಇಳೀತಿದ್ವಿ, ನಿಂತ್ರೆ ಎಂತಾಗ್ತದೆ" ಅಂದ್ರು. ನಂಗೆ ಇದು ಸರಿ ಕಾಣಲಿಲ್ಲ. ನೆಟ್ಟಿಲಿ ಬಗ್ಗಿದ್ರೂ ಕಾಲು ಹಿಂದೆ ಹಿಂದೆ ಹೋಗ್ತಾನೇ ಇರ್ತದೆ, ಬೆನ್ನು ನೋವಾದ್ರೆ ಏರಿ ಮೇಲೆ ಕೂತು ಕವಳ ಹಾಕ್ಕಂಡು ಬರ್ತೀವಿ, ಯಾರೂ ಬೇಡ ಅನ್ನಲ್ಲ. ಅಡಿಕೆ ಸುಲಿಯೋದು ರಾತ್ರಿ ಇಡೀ ಆದ್ರೂ ಮೆಟ್ಟುಗತ್ತಿ ಮೇಲೆ ಕೂತು ಮಾಡೋ ಕೆಲಸ. ಒಂದೇ ಜಾಗದಲ್ಲಿ, ನುಣುಪು ಟೈಲ್ಸ್ ಮೇಲೆ, ಕಂಬದ ಹಾಗೆ ನಿಲ್ಲೋದು ಬೇರೆ. ಮೆಗ್ಗಾನ್ ಆಸ್ಪತ್ರೆಲಿ ತೋರಿಸಿದಾಗ ಡಾಕ್ಟರಮ್ಮ ಚೆನ್ನಾಗಿ ಬಿಡಿಸಿ ಹೇಳಿದ್ರು. ನಡೀವಾಗ ಮೀನಖಂಡ ಹಿಂಡಿ ಹಿಂಡಿ ರಕ್ತನ ಮೇಲಕ್ಕೆ ತಳ್ತದಂತೆ. ಅಲ್ಲಾಡದೆ ನಿಂತರೆ ರಕ್ತ ಕಾಲಲ್ಲೇ ಕೆಳಗೆ ನಿಂತು ನರ ಹಿಗ್ಗುತ್ತದಂತೆ. ಬಸುರಿಯಲ್ಲಿ ಹೊಟ್ಟೆ ಭಾರನೂ ಸೇರ್ತದಲ್ಲ. ಹೆಚ್ಚು ಹೊತ್ತು ನಿಲ್ಲಬಾರದು ಅಂತ ಚೀಟಿಲಿ ಬರೆದೂ ಕೊಟ್ರು.

ಇದನ್ನು ಮನೇಲಿ ಹೇಳಿದಾಗ ಅದೇ ಅತ್ತೆಯವರು ಕೇಳಿದ ಪ್ರಶ್ನೆ ಕೇಳಿ. "ಆ ಅಂಗಡಿಲಿ ಕುರ್ಚಿ ಮಾರಲ್ವಾ?" ಮಾರ್ತಾರೆ! ಮೇಲಿನ ಮಹಡಿಲಿ ಒಂದರ ಮೇಲೊಂದು ಪ್ಲಾಸ್ಟಿಕ್ ಕುರ್ಚಿ ಮಾಡಿನವರೆಗೆ ಪೇರಿಸಿ ಇಟ್ಟಿದಾರೆ, ನಾವೇ ಎರಡು ತಂದಿದ್ದೀವಿ.

ಅವಳು ಚೀಟಿ ತಗಂಡು ಹೋಗಿ ಮ್ಯಾನೇಜರ್ ಹತ್ರ ಒಂದು ಸ್ಟೂಲ್ ಕೊಡಿ ಅಂತ ಕೇಳಿದ್ಲು. ಅಂವನೂ ಪಾಪ ಹುಬ್ಬಳ್ಳಿ ಕಡೆಯಿಂದ ಬಂದ ಸಣ್ಣ ಹುಡುಗ, ಅವನ ತಲೆ ಮೇಲೆ ಇನ್ನೊಬ್ಬ. "ಕೌಂಟರಿನ ಅಳತೆ ಎಲ್ಲಾ ಹೆಡ್ ಆಫೀಸಿಂದ ಬರ್ತದೆ, ಅದರಲ್ಲಿ ಸ್ಟೂಲ್ ಇಲ್ಲ. ಗಿರಾಕಿ ಎದುರು ಕೂತು ಬಿಲ್ ಹಾಕಿದರೆ ಚೆನ್ನಾಗಿ ಕಾಣೋದಿಲ್ಲ" ಅಂದನಂತೆ. ಎರಡು ದಿನ ಬಿಟ್ಟು ಸಿಬ್ಬಂದಿ ವಿಷಯ ನೋಡ್ಕಳೋ ಹೆಂಗಸು ಕರೆದು, ಭಾಳ ಪ್ರೀತಿಯಿಂದ, "ನೀವು ಈಗ ರಾಜೀನಾಮೆ ಕೊಟ್ಟು ರೆಸ್ಟ್ ಮಾಡಿ. ಹೆರಿಗೆ ಆದ್ಮೇಲೆ ಮತ್ತೆ ಬನ್ನಿ, ನೋಡೋಣ" ಅಂದ್ಲಂತೆ.

ಅವತ್ತು ರಾತ್ರಿ ನಮ್ಮನೇಲಿ ದೊಡ್ಡ ಚರ್ಚೆ. ನಮ್ಮನೆಯವರು "ಬಿಡ್ಲಿ, ಸಾಕು" ಅಂದ್ರು. ಮಗನೂ ಅದನ್ನೇ ಅಂದ. ಅವಳು ಮಾತಾಡಲಿಲ್ಲ. ಊಟ ಆಗಿ ಪಾತ್ರೆ ತೊಳೀವಾಗ ನನ್ನ ಹತ್ರ ಮೆಲ್ಲ ಹೇಳಿದ್ಲು. "ಅತ್ತೆ, ಬಿಟ್ರೆ ನಾನೇ ಬಿಟ್ಟೆ ಅಂತ ಬರ್ಕಂಡುಬಿಡ್ತಾರೆ. ಅವರು ಬಿಡಿಸಿದ್ರು ಅಂತ ಎಲ್ಲೂ ಇರೋದಿಲ್ಲ. ನಂಗೆ ಬಿಡೋ ಮನಸ್ಸಿಲ್ಲ."

ನೀವು "ಯಾಕೆ ಕಳಿಸ್ತೀ" ಅಂತ ನನ್ನ ಕೇಳಿದ್ರಲ್ಲ, ಉತ್ತರ ಇದು. ನಾನು ಕಳಿಸಿದ್ದಲ್ಲ, ಅವಳು ಹೋಗಿದ್ದು.

ಮನಸ್ಸಿಲ್ಲ ಅನ್ನೋದು ಒಂದು, ಲೆಕ್ಕ ಇನ್ನೊಂದು. ಆ 120 ರೂಪಾಯಿ ಇ.ಎಸ್.ಐ. ಹೇಳಿದ್ನಲ್ಲ. ತಿಂಗಳಿಗೆ 21,000ದ ಒಳಗೆ ಸಂಬಳ ಇರೋರಿಗೆ ಅದು. ಅವಳ ಸಂಬಳದಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಕಂಪನಿಯಿಂದ ನೂರಕ್ಕೆ ಮೂರೂಕಾಲು. ಹೀಗೆ ಕಟ್ಟಿಕೊಂಡು ಬಂದವರಿಗೆ ಹೆರಿಗೆಗೆ 26 ವಾರ ಪೂರಾ ಸಂಬಳ ಸಿಗ್ತದೆ, ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತಗಳಬಹುದು. ನಮ್ಮ ಲೆಕ್ಕದಲ್ಲಿ ತೊಂಬತ್ತು ಸಾವಿರದ ಮೇಲೆ ಆಗ್ತದೆ. ಇನ್ನೊಂದು ಸಂಗತಿ ಮಗ ಮೊಬೈಲಲ್ಲಿ ಓದಿ ಹೇಳಿದಾಗ ನಂಗೆ ಭಾರೀ ಆಶ್ಚರ್ಯ ಆತು. ಈ ದುಡ್ಡು ಕೊಡೋದು ಇ.ಎಸ್.ಐ., ಕಂಪನಿ ಅಲ್ಲ. ಅವಳು ರಜೆ ಹಾಕಿದ್ರೆ ಕಂಪನಿ ಗಂಟೇನೂ ಹೋಗೋದಿಲ್ಲ. ಆ ರಜೇಲಿ ಇರುವಾಗ ಕೆಲಸದಿಂದ ತೆಗೆಯೋ ಹಾಗೂ ಇಲ್ಲ. ಮತ್ತೆ ರಾಜೀನಾಮೆ ಎಂತಕ್ಕೆ ಕೇಳಿದ್ರು? ಕೇಳಿದ್ರೆ ಕೊಟ್ಟುಬಿಡ್ತಾರೆ ಅಂತ ಇರಬೇಕು. ಹಿಂದಿನ ವರ್ಷ ಇಬ್ಬರು ಹಂಗೇ ಕೊಟ್ಟು ಹೋಗಿದ್ರಂತೆ. ಇಬ್ಬರೂ ವಾಪಸ್ ಬಂದಿಲ್ಲ.

ಹಾಗಾಗಿ ಕಾಗದ ಬರೆಯೋದು ಅಂತ ಆತು. ಪಿ.ಯು.ಸಿ. ಓದಿದ್ದು ಯಾವ ಕಾಲಕ್ಕೋ, ಆದ್ರೂ ನನ್ನ ಅಕ್ಷರ ದುಂಡಗಿದೆ ಅಂತ ಸಂಘದ ಅರ್ಜಿ ಎಲ್ಲಾ ನನ್ನ ಹತ್ರವೇ ಬರೆಸೋದು ಅಲ್ದಾ. ಕನ್ನಡದಲ್ಲಿ ನಾನು ಬರೆದೆ, ಇಂಗ್ಲಿಷಲ್ಲಿ ಮಗ ಟೈಪ್ ಮಾಡಿದ. ಬರೀಲಿಕ್ಕೆ ಕೂತಾಗ ಕಾನೂನು ಎಂತ ಹೇಳ್ತದೆ ಅಂತ ಹುಡುಕಿದ್ವಿ. 1961ರ ಹೆರಿಗೆ ಸೌಲಭ್ಯದ ಕಾನೂನಲ್ಲೇ ಇತ್ತು ನೋಡಿ, ಬಸುರಿ ಕೇಳಿಕೊಂಡರೆ ಬಹಳ ಹೊತ್ತು ನಿಲ್ಲುವ ಕೆಲಸ ಅವಳಿಂದ ಮಾಡಿಸಬಾರದು ಅಂತ. ನಾನು ಹುಟ್ಟೋ ಮೊದಲಿನ ಕಾನೂನು! ಖುಷಿಯಾಗಿ ಮುಂದೆ ಓದಿದ್ರೆ, ಅದು ಲೆಕ್ಕಕ್ಕೆ ಬರೋದು ಹೆರಿಗೆಗೆ ಆರು ವಾರ ಬಾಕಿ ಇರೋದಕ್ಕಿಂತ ಹಿಂದಿನ ಒಂದು ತಿಂಗಳಿಗೆ. ಅಂದ್ರೆ ಏಳು ತಿಂಗಳು ತುಂಬಬೇಕು. ಐದನೇ ತಿಂಗಳಿಗೇ ಕಾಲು ಊದ್ತದೆ ಅಂತ ಅದನ್ನ ಬರೆದವರ ಮನೆ ಹೆಂಗಸರು ಯಾರೂ ಹೇಳಿರಲಿಲ್ಲವೋ ಎಂತದೋ.

ಕಾರ್ಖಾನೆ ಕಾನೂನು ನೋಡಿದ್ವಿ. 1948ರದ್ದು. ನಿಂತು ಕೆಲಸ ಮಾಡೋರಿಗೆ, ಬಿಡುವು ಸಿಕ್ಕಾಗ ಕೂರಲಿಕ್ಕೆ ವ್ಯವಸ್ಥೆ ಇರಬೇಕು ಅಂತ ಅದರಲ್ಲಿ ಬರೆದಿತ್ತು. ಆದ್ರೆ ಅದು ಇದ್ದಿದ್ದು ಕಾರ್ಖಾನೆಗೆ, ಅಂಗಡಿಗಲ್ಲ. ಅಂಗಡಿಗಳಿಗೆ ನಮ್ಮ ರಾಜ್ಯದ ಕಾನೂನು ಬೇರೆ ಇದೆ, ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದಾಟಬಾರದು ಅಂತ. ಎಂಟೆಂಟು ಗಂಟೆಯಂತೆ ಆರು ದಿನಕ್ಕೆ ಅವಳ 48 ಅಲ್ಲಿಗೆ ಸರೀ ಮುಗೀತು. ರಾತ್ರಿ ಗಲ್ಲಾ ಲೆಕ್ಕ ಒಪ್ಪಿಸೋ ಅರ್ಧ ಗಂಟೆ ಯಾವ ಪುಸ್ತಕದಲ್ಲೂ ಇಲ್ಲ.

ಕೂರೋ ವಿಷಯಕ್ಕೇ ಜಗಳ ಆಡಿ ಗೆದ್ದವರು ಕೇರಳದವರು. ಇದು ನಂಗೆ ಗೊತ್ತೇ ಇರಲಿಲ್ಲ, ನಿಮಗೂ ಗೊತ್ತಿರಲಿಕ್ಕಿಲ್ಲ. ಕೋಳಿಕ್ಕೋಡಿನಲ್ಲಿ ವಿಜಿ ಅಂತ ಒಬ್ಬರು, ಬಟ್ಟೆ ಹೊಲಿಯೋ ಕೆಲಸದವರು. ಅಲ್ಲಿ ಮಿಠಾಯಿ ತೆರುವು ಅಂತ ದೊಡ್ಡ ಪೇಟೆ ಬೀದಿ. ಅಲ್ಲಿನ ಅಂಗಡಿಗಳಲ್ಲಿ ದುಡಿಯೋ ಹೆಂಗಸರಿಗೆ ಮೂತ್ರಕ್ಕೆ ಹೋಗಲಿಕ್ಕೂ ಜಾಗ ಇಲ್ಲ, ದಿನವಿಡೀ ನೀರೇ ಕುಡಿಯದೆ ಇರೋದು ಅಂತ ಅವರನ್ನೆಲ್ಲ ಸೇರಿಸಿ 'ಪೆಣ್‌ಕೂಟ್ಟು' ಅಂತ ಸಂಘ ಕಟ್ಟಿದ್ರು. ಹೆಣ್ಣುಮಕ್ಕಳ ಗುಂಪು ಅಂತ ಅದರ ಅರ್ಥ. ಆಮೇಲೆ ಕೂರಲಿಕ್ಕೂ ಬಿಡಿ ಅಂತ ಕೇಳಿದ್ರು. 2014ರ ಕೊನೇಲಿ ತ್ರಿಶ್ಶೂರಿನ ಒಂದು ದೊಡ್ಡ ಸೀರೆ ಅಂಗಡಿಯ ಕೆಲವೇ ಹೆಂಗಸರು ಅಂಗಡಿ ಹೊರಗೆ ಮುಷ್ಕರ ಕೂತು, ನೂರು ದಿನ ದಾಟಿದ್ರೂ ಏಳಲಿಲ್ಲ. ಕೊನೆಗೆ 2018ರಲ್ಲಿ ಕೇರಳ ಸರ್ಕಾರ ಅಂಗಡಿ ಕಾನೂನು ತಿದ್ದಿ, ಕೆಲಸದವರಿಗೆ ಕೂರಲಿಕ್ಕೆ ಆಸನ ಕೊಡಲೇಬೇಕು ಅಂತ ಮಾಡ್ತು. 2021ರಲ್ಲಿ ತಮಿಳುನಾಡಿನವರೂ ಮಾಡಿದ್ರು. ಸೀರೆ ಅಂಗಡಿಲಿ ನಾವು ಮೆತ್ತನೆ ಹಾಸಿನ ಮೇಲೆ ಕೂತು, "ಆ ಮೇಲಿನದು ತೆಗಿ, ಅದಲ್ಲ ಅದರ ಪಕ್ಕದ್ದು" ಅಂತ ಐವತ್ತು ಸೀರೆ ಬಿಡಿಸಿಸ್ತೀವಲ್ಲ, ಬಿಡಿಸಿ ತೋರಿಸೋ ಹುಡುಗಿ ಕೂತಿದ್ದನ್ನ ನೀವು ನೋಡಿದ್ದೀರಾ?

ಇಂಗ್ಲೆಂಡಿನಲ್ಲಿ 1899ರಲ್ಲೇ ಇದಕ್ಕೆ ಕಾನೂನು ಆಗಿತ್ತಂತೆ, ಅಂಗಡಿಯ ಮೂರು ಜನ ಕೆಲಸದ ಹೆಂಗಸರಿಗೆ ಕಮ್ಮಿ ಅಂದ್ರೆ ಒಂದು ಆಸನ ಇಡಬೇಕು ಅಂತ. ಇಲ್ಲೊಂದು ತಮಾಷೆ ಹೇಳ್ತೀನಿ. ನಮ್ಮೂರಿಗೆ ಹೆಸರು ಬಂದಿದ್ದು ಲಾರ್ಡ್ ರಿಪ್ಪನ್ ಅನ್ನೋ ವೈಸರಾಯನಿಂದ ಅಂತ ಹಿರಿಯರು ಹೇಳೋದು ಕೇಳಿದ್ದೀವಲ್ಲ. ನಮ್ಮ ದೇಶದ ಮೊದಲ ಕಾರ್ಖಾನೆ ಕಾನೂನು ಬಂದಿದ್ದು ಅವನ ಕಾಲದಲ್ಲೇ, 1881ರಲ್ಲಿ. ಸಣ್ಣ ಮಕ್ಕಳನ್ನ ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸಬಾರದು ಅಂತ ಅದರಲ್ಲಿ ಇತ್ತು. ಮಕ್ಕಳಿಗೆ 9 ಗಂಟೆ! ಅದೇ ಆಗ ದೊಡ್ಡ ಉಪಕಾರ.

ಕಾಗದದಲ್ಲಿ ಇದನ್ನೆಲ್ಲ ಬರೀಲಿಲ್ಲ. ಡಾಕ್ಟರ ಚೀಟಿ ಜೊತೆಗಿಟ್ಟು, 1961ರ ಕಾನೂನಿನ ಹೆಸರು ಒಂದು ಸಾಲು ಹಾಕಿ, "ಕೂತು ಮಾಡುವ ಕೆಲಸ ಅಥವಾ ಕೂರಲು ಆಸನ ಕೊಡಬೇಕಾಗಿ ವಿನಂತಿ" ಅಂತ ಮುಗಿಸಿದೆ. ರಾಜೀನಾಮೆ ಕೊಡುವ ಇಚ್ಛೆ ಇಲ್ಲ ಅಂತ ಒಂದು ಸಾಲು ಅವಳೇ ಸೇರಿಸು ಅಂದ್ಲು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಹಾಕಿಸ್ಕಂಡು ಬಾ ಅಂದೆ. ಸೀಲು ಹಾಕಲಿಕ್ಕೆ ಹಿಂದೆ ಮುಂದೆ ನೋಡಿದ್ರಂತೆ. ಇವಳು ಅಲ್ಲೇ ನಿಂತಳಂತೆ. ನಿಲ್ಲೋದು ಹೆಂಗೂ ಅಭ್ಯಾಸ ಆಗಿದೆಯಲ್ಲ.

ಹನ್ನೊಂದು ದಿನ ಎಂತ ಸುದ್ದಿಯೂ ಇಲ್ಲ. ಹನ್ನೆರಡನೇ ದಿನ ಮಾಲು ವಾಪಸ್ ತಗಳೋ ಟೇಬಲ್ಲಿಗೆ ಹಾಕಿದ್ರು, ಒಂದು ಕುರ್ಚಿನೂ ಕೊಟ್ರು. ಯಾವ ಕುರ್ಚಿ ಅಂತೀರಿ? ಮೇಲಿನ ಮಹಡಿದೇ, ಕಾಲು ಚೂರು ಸೀಳಿ ಮಾರಲಿಕ್ಕೆ ಬಾರದು ಅಂತ ಡ್ಯಾಮೇಜ್ ಲಿಸ್ಟಿಗೆ ಹಾಕಿದ್ದು. ಮಗ ಒಂದು ದಿನ ಹೋಗಿ ಆ ಕಾಲಿಗೆ ತಂತಿ ಸುತ್ತಿ ಬಂದ. ಎರಡು ವಾರದಲ್ಲಿ ಕಾಲಿನ ಊತ ಅರ್ಧಕ್ಕರ್ಧ ಇಳೀತು. ನರದ ಗಂಟು ಮಾತ್ರ ಹಂಗೇ ಇದೆ, ಹೆರಿಗೆ ಆದ ಮೇಲೆ ನೋಡಣ ಅಂದಿದಾರೆ ಡಾಕ್ಟರು.

ನಾವು ಗೆದ್ವಿ ಅಂತ ನಂಗೆ ಖುಷಿ. ಅವಳು ಸಪ್ಪಗಿದ್ಲು. ಎಂತಾತೆ ಅಂತ ಕೇಳಿದೆ. ಪಕ್ಕದ ಕೌಂಟರಿನ ಹುಡುಗಿ ನಗ್ತಾ ಅಂದಳಂತೆ, "ಅಕ್ಕಾ, ನಾವು ಕೂರಬೇಕಂದ್ರೆ ನಾವೂ ಬಸುರಾಗ್ಬೇಕಾ?" ಆ ಹುಡುಗಿಗೆ ಮದುವೆನೇ ಆಗಿಲ್ಲ. ಆಯನೂರು ಹತ್ರದ ಊರಿನವಳು, ಅಪ್ಪ ಇಲ್ಲ, ತಮ್ಮನ ಓದು ಇವಳ ಸಂಬಳದ ಮೇಲೆ. ಅವಳು ಎರಡು ನಿಮಿಷ ಗೋಡೆಗೆ ಒರಗಿದ್ದನ್ನ ಕ್ಯಾಮೆರಾದಲ್ಲಿ ನೋಡಿ ಮೇಲಿನವರು ಫೋನ್ ಮಾಡಿದ್ರಂತೆ.

ಸೀಮಂತ ಮಾಡಿದ್ದು ಹೋದ ಮಂಗಳವಾರ. "ಭಾನುವಾರ ಬಿಟ್ಟು ಕೆಲಸದ ದಿನ ಎಂತಕ್ಕೆ ಇಟ್ರಿ" ಅಂತ ಅದಕ್ಕೂ ಕೆಲವರು ಗೊಣಗಿದ್ರಿ, ಗೊತ್ತು ನಂಗೆ. ಅವಳ ಜೊತೆಯವರಿಗೆ ಭಾನುವಾರ ರಜೆ ಸಿಗೋದಿಲ್ಲ, ಮಂಗಳವಾರ ಮೂರು ಜನಕ್ಕೆ ಸಿಗ್ತಿತ್ತು, ಅದಕ್ಕೆ. ಬಂದ್ರಲ್ಲ ಮೂರು ಹುಡುಗಿಯರು, ಹಸಿರು ಬಳೆ ತಗಂಡು. ನೀವೂ ನೋಡಿದ್ದೀರಿ. ಊಟ ಆದ ಮೇಲೆ ಜಗಲಿ ಕಟ್ಟೆ ಮೇಲೆ ಮೂವರೂ ಸಾಲಾಗಿ ಕೂತು ಕಾಲು ಇಳಿಬಿಟ್ಟಿದ್ರು. ನಾನು ಮಜ್ಜಿಗೆ ಕೊಡಲಿಕ್ಕೆ ಹೋದೆ. ಸೀರೆ ನಿರಿಗೆ ಸ್ವಲ್ಪ ಮೇಲೆ ಸರಿದಿತ್ತು. ಆ ಆಯನೂರಿನ ಕಡೆ ಹುಡುಗಿಗೆ ಇಪ್ಪತ್ತನಾಲ್ಕು ವರ್ಷ, ಕಾಲಲ್ಲಿ ನೀಲಿ ನರ ನಮ್ಮ ಅತ್ತೆಯವರಿಗಿಂತ ಹೆಚ್ಚು. ಅತ್ತೆಯವರೂ ಅದನ್ನ ನೋಡಿದ್ರು. ನೆಟ್ಟಿ ಮಾತು ಎತ್ತಲಿಲ್ಲ. ಒಳಗೆ ಹೋಗಿ ತಮ್ಮ ಕಾಲಿಗೆ ಹಚ್ಚೋ ಎಣ್ಣೆ ಬಾಟಲಿ ತಂದು ಅವಳ ಕೈಗೆ ಕೊಟ್ಟು, ದಿನಾ ಮಲಗುವಾಗ ತಿಕ್ಕು ಅಂದ್ರು.

ಹೊರಡೋ ಮೊದಲು ಆ ಹುಡುಗಿನೇ ಬಾಯಿ ಬಿಟ್ಟು ಕೇಳಿದ್ಲು. "ಅಮ್ಮ, ಅಕ್ಕನಿಗೆ ಬರೆದುಕೊಟ್ಟ ಹಾಗೆ ನಮಗೂ ಒಂದು ಬರೆದುಕೊಡ್ತೀರಾ? ಎಲ್ಲರದ್ದೂ ಸೇರಿಸಿ." ಡಾಕ್ಟರ ಚೀಟಿ ಇಲ್ಲ, ಬಸುರಿ ಅನ್ನೋ ಕಾರಣನೂ ಇಲ್ಲ, 1961ರ ಕಾನೂನೂ ಇವರಿಗೆ ಬರೋದಿಲ್ಲ. ಎಂತ ಬರೆಯೋದು ಅಂತ ಎರಡು ದಿನ ಯೋಚನೆ ಮಾಡಿದೆ. ಕೊನೆಗೆ ಎಂಟು ಸಾಲು ಬರೆದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂರಲು, ಮೂರು ಜನಕ್ಕೆ ಒಂದರಂತೆ ಎತ್ತರದ ಸ್ಟೂಲು ಬೇಕು ಅಂತ. ಮೂರು ಜನಕ್ಕೆ ಒಂದು ಅನ್ನೋ ಲೆಕ್ಕ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಲ್ಲ.

ಬರೋ ಸೋಮವಾರದಿಂದ ನಮ್ಮವಳಿಗೆ ರಜೆ. ಇ.ಎಸ್.ಐ. ಫಾರಂ ತುಂಬಿಸೋದು ಮಗನ ಪಾಲಿಗೆ. ಬಾಣಂತನ ತವರಿನವರು ಮಾಡ್ತಾರೆ, ಆದ್ರೂ ಲೇಹದ ಸಾಮಾನು ನಾನೇ ಜೋಡಿಸ್ತಾ ಇದ್ದೀನಿ, ಒಳ್ಳೇ ಹಿಪ್ಪಲಿ ಯಾರ ಹತ್ರ ಇದೆ ಅಂತ ಗೊತ್ತಿದ್ರೆ ಹೇಳಿ ಕಳಿಸಿ. ಕಾಗದನ ಶನಿವಾರ ಅವಳ ಕೈಲೇ ಕಳಿಸಿದ್ದೆ. ಕೌಂಟರಲ್ಲಿ, ಸಾಲುಗಳಲ್ಲಿ ಎಲ್ಲಾ ಸೇರಿ ಹೆಂಗಸರೇ ಇಪ್ಪತ್ತೊಂದು ಜನ. ನಿನ್ನೆ ರಾತ್ರಿವರೆಗೆ ಏಳು ಸಹಿ ಬಿದ್ದಿದೆ.